ನಾಲ್ಕು ಗುಂಡಿ ಕಾಯುವ ಶರಣಮ್ಮ

ಬೆಳಗಿನ ಐದೂವರೆ. ಚಿಕ್ಕಲಸಂದ್ರದ ಬೇಲಿ ಹಾಕಿದ ಖಾಲಿ ಸೈಟಿನಲ್ಲಿ ಶರಣಮ್ಮ ಮಂಡಿಯೂರಿ, ಗುಂಡಿಯ ಮೇಲಿನ ಚಪ್ಪಡಿ ಸರಿಸುತ್ತಾರೆ. ಒಳಗೊಂದು ಮಣ್ಣಿನ ಕುಡಿಕೆ, ಅದರಲ್ಲಿ ಮೈಲುತುತ್ತದ ನೀಲಿ ನೀರು, ನೀರಿನಲ್ಲಿ ತಾಮ್ರದ ಸರಳು. ಇಂಥವು ನಾಲ್ಕು. ಗುಂಡಿಯಿಂದ ಗುಂಡಿಗೆ ನೆಲದಲ್ಲಿ ಹರಿಯುವ ವಿದ್ಯುತ್ತನ್ನು ಮೀಟರಿನಲ್ಲಿ ನೋಡಿ ಪುಸ್ತಕಕ್ಕೆ ಬರೆಯುತ್ತಾರೆ. ದಿನಕ್ಕೆ ಆರು ಸಲ, ಹನ್ನೊಂದು ವರ್ಷದಿಂದ.

ಭೂಕಂಪಕ್ಕೆ ಮೊದಲು ಈ ವಿದ್ಯುತ್ತು ಏರುಪೇರಾಗುತ್ತದೆಯೇ ಎಂಬುದು ನಿವೃತ್ತ ಭೂವಿಜ್ಞಾನಿ ಭಾರ್ಗವ ಅವರ ಹುಡುಕಾಟ. ಹೆಚ್ಚಿನ ವಿಜ್ಞಾನಿಗಳು ಇದನ್ನು ನಂಬುವುದಿಲ್ಲ. "ಇವತ್ತಿನವರೆಗೆ ಒಂದು ಭೂಕಂಪಾನೂ ನಾವು ಮೊದಲೇ ಹೇಳಿಲ್ಲ. ಆದ್ರೆ ಶರಣಮ್ಮನ ಪುಸ್ತಕದಲ್ಲಿ ಒಂದು ದಿನಾನೂ ಖಾಲಿ ಇಲ್ಲ" ಎನ್ನುತ್ತಾರೆ ಅವರು.

ಶರಣಮ್ಮ ಆಳಂದದ ಕಡೆಯವರು. 1993ರಲ್ಲಿ ಹದಿಮೂರರ ಹುಡುಗಿ. ಅಕ್ಕನ ಬಾಣಂತನಕ್ಕೆಂದು ಕಿಲ್ಲಾರಿ ಸೀಮೆಗೆ ಹೋಗಿದ್ದ ತಾಯಿ ಭೂಕಂಪದಲ್ಲಿ ಗೋಡೆಯಡಿ ಸಿಕ್ಕಿ ತೀರಿಕೊಂಡರು. ಅಕ್ಕನೂ ಕೂಸೂ ಉಳಿಯಲಿಲ್ಲ. ಮುಂದೆ ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದು ಮನೆಗೆಲಸ ಮಾಡುತ್ತಿದ್ದಾಗ, ಭಾರ್ಗವರ ಮನೆಯಲ್ಲಿ ಈ ಗುಂಡಿಗಳ ಮಾತು ಕಿವಿಗೆ ಬಿತ್ತು. ಕೆಲಸವನ್ನು ತಾವಾಗಿಯೇ ಕೇಳಿ ಪಡೆದರು.

ಹೋದ ಆಷಾಢದಲ್ಲಿ, ಹತ್ತರ ಆಸುಪಾಸಿನಲ್ಲಿರುತ್ತಿದ್ದ ಅಂಕಿ ಏಕಾಏಕಿ ಅರವತ್ತಕ್ಕೆ ಜಿಗಿಯಿತು. ಮೂರು ದಿನವೂ ಸರಿಯಾಗಿ ಬೆಳಿಗ್ಗೆ ಆರಕ್ಕೆ. ಮೊದಲ ದಿನ ಅವರು ಭೂಕಂಪವೇ ಬರುತ್ತಿದೆ ಎಂದುಕೊಂಡಿದ್ದರು. ಮೂರನೆಯ ದಿನ ಅನುಮಾನ ಬಂತು. "ಭೂಮಿ ಗಡಿಯಾರ ನೋಡಿ ನಡಗಂಗಿಲ್ರಿ. ಇದು ಮನಷ್ಯಾರ ಕರೆಂಟು ಅಂತ ತಿಳೀತು."

ಪಕ್ಕದ ಅಪಾರ್ಟ್‌ಮೆಂಟಿನ ಸಂಪಿನ ಮೋಟಾರು ಶುರುವಾಗುತ್ತಿದ್ದುದು ಆರಕ್ಕೆ. ಕರೆಂಟು ನೆಲಕ್ಕೆ ಸೋರುತ್ತಿತ್ತು. ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಕಾವಲುಗಾರ ಪರಮಶಿವಯ್ಯನೂ ಹೇಳಿದರು. ಶರಣಮ್ಮ ಅಲ್ಲಿನ ಸೆಕ್ರೆಟರಿಯ ಮನೆ ಬಾಗಿಲು ತಟ್ಟಿದರು. "ಸೋಮವಾರ ಎಲೆಕ್ಟ್ರಿಷಿಯನ್ ಬರ್ತಾನೆ, ನೀವು ಹೋಗಿ ಅಮ್ಮ" ಎಂಬ ಉತ್ತರ ಬಂತು. ಮೋಟಾರು ಮುಟ್ಟಬೇಡಿ ಎಂದು ಪರಮಶಿವಯ್ಯನಿಗೆ ಹೇಳಿದರೆ ಅವರು, "ನೀರು ಬಿಡ್ಲಿಲ್ಲ ಅಂದ್ರೆ ಮೂವತ್ತಾರು ಮನೆಯವ್ರೂ ಬೈತಾರಕ್ಕ" ಎಂದರು.

ಭಾನುವಾರ ಮಳೆ ಹಿಡಿದಿತ್ತು. ಆರು ಹತ್ತಕ್ಕೆ ಅಂಕಿ ನೂರ ನಲವತ್ತು ದಾಟಿ, ಥಟ್ಟನೆ ಕೆಳಗಿಳಿಯಿತು; ಮೋಟಾರಿನ ಸದ್ದೂ ನಿಂತಿತು. ಪುಸ್ತಕ ಕೈಬಿಟ್ಟು ಶರಣಮ್ಮ ಓಡಿದರು. ಪರಮಶಿವಯ್ಯ ಮೋಟಾರಿನ ಪಕ್ಕ, ನಿಂತ ನೀರಿನಲ್ಲಿ ಬೋರಲಾಗಿ ಬಿದ್ದಿದ್ದರು. ಜೀವ ಹೋಗಿತ್ತು.

ಯಾರೂ ಮೊದಲೇ ಎಚ್ಚರಿಸಿರಲಿಲ್ಲವೆಂದು ಸೆಕ್ರೆಟರಿ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದಾರೆ. ದಿನ, ವೇಳೆ, ಅಂಕಿ, ಯಾರಿಗೆ ಏನು ಹೇಳಿದ್ದು, ಎಲ್ಲ ಇರುವ ಶರಣಮ್ಮನ ಪುಸ್ತಕ ಈಗ ಠಾಣೆಯಲ್ಲಿದೆ. ಅವರು ಹೊಸ ಪುಸ್ತಕ ಶುರು ಮಾಡಿದ್ದಾರೆ. ಆಮೇಲೆ ಸುತ್ತಲಿನ ಏಳು ಮನೆಗಳ ಸೋರಿಕೆ ಪತ್ತೆ ಹಚ್ಚಿದ್ದಾರೆ. ಕೆಲವರು ಗೇಟಿನಿಂದಲೇ ಅಟ್ಟಿದ್ದೂ ಉಂಟು.

"ಅವತ್ತು ಸೋಮವಾರ ಅಂದ್ರು, ನಾ ಸುಮ್ನ ತಿರುಗಿ ಬಂದೆ" ಎನ್ನುತ್ತಾರೆ ಶರಣಮ್ಮ, ಚಪ್ಪಡಿ ಮುಚ್ಚುತ್ತ. "ಈಗ ಹಂಗ ತಿರುಗಿ ಬರಂಗಿಲ್ರಿ. ಮೇನ್ ಆಫ್ ಮಾಡೋತನಕ ಅವ್ರ ಬಾಗಿಲದಾಗ ಕುಂದರ್ತೀನಿ."