ಅಣ್ಣನ ಚಾಳೀಸು

ನನ್ನ ಬಡಿಗತನದ ಪೆಟ್ಟಿಗೆಯಲ್ಲಿ ಉಳಿ, ಬಾಚಿ, ಗರಗಸಗಳ ನಡುವೆ ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಒಂದು ಚಾಳೀಸು ಇದೆ. ಒಂದು ಕಡೆಯ ಕಡ್ಡಿ ಮುರಿದಿದೆ, ದಾರ ಕಟ್ಟಿದ್ದೇನೆ. ಅಳತೆಪಟ್ಟಿಯ ಸಣ್ಣ ಗೆರೆಗಳು ಕಾಣದಾದಾಗ ಮೂಗಿಗೇರಿಸುತ್ತೇನೆ, ಕೆಲಸ ಮುಗಿದೊಡನೆ ತೆಗೆದಿಡುತ್ತೇನೆ. ಅದು ನನ್ನದಲ್ಲ, ಅಣ್ಣನದು. ಅಣ್ಣನದನ್ನು ಬಹಳ ಹೊತ್ತು ಮೈಮೇಲೆ ಇಟ್ಟುಕೊಳ್ಳುವುದು ನನಗೆಂದೂ ಸೇರಿಲ್ಲ.

ಗೆಳೆಯರೆಂದು ನಿಮ್ಮೆದುರು ಹೇಳುತ್ತೇನೆ: ಅಣ್ಣನ ಮೇಲೆ ನನಗೆ ಹೊಟ್ಟೆಕಿಚ್ಚು. ನಾನು ನಾಲ್ಕನೆಯ ಇಯತ್ತೆಗೇ ಪಾಟಿ ಬಿಟ್ಟು ಆಳಂದದ ಉಸ್ತಾದರೊಬ್ಬರ ಕೈಕೆಳಗೆ ಗರಗಸ ಹಿಡಿದೆ. ಅವನು ಓದಿ ನರೋಣಾದಲ್ಲಿ ಮಾಸ್ತರನಾದ. ನಾನು ಕೂಡಿಸಿದ ಬಾಗಿಲು ಯಾವ ಮಳೆಗೂ ಉಬ್ಬಿಲ್ಲ. ಇದು ಜಂಬವಲ್ಲ, ಬೇಕಿದ್ದರೆ ಹೋಗಿ ತೆರೆದು ನೋಡಿ. ಆದರೆ ಅದೇ ಬಾಗಿಲಿಂದ ಹೊರಬಂದವರು ನನ್ನನ್ನು ಕೇಳುತ್ತಿದ್ದುದು, "ಮಾಸ್ತರ್ರು ಹೆಂಗದಾರ್ರಿ?" ಎಂದೇ.

ಬಡಿಗನಿಗೆ ಬಾಗಿಲೊಂದೇ ಕೆಲಸವಲ್ಲ. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಪಲ್ಲಕ್ಕಿಯಂಥ ಮರದ ವಿಮಾನ ಕಟ್ಟಿ, ಅದರಲ್ಲಿ ಕುಳ್ಳಿರಿಸಿ ಒಯ್ದು, ಅಂಗೈಯಲ್ಲಿ ಲಿಂಗವಿಟ್ಟು, ಕುಳಿತಂತೆಯೇ ಮಣ್ಣು ಕೊಡುತ್ತೇವೆ. ಆ ವಿಮಾನ ಕಟ್ಟುವವನು ನಾನು. ಹೀಗಾಗಿ ಉಸಿರು ನಿಂತ ಮನೆಯಿಂದ ಮೊದಲ ಕರೆ ಬರುವುದು ನನಗೇ.

ಅಣ್ಣ ಎದೆನೋವಿನಿಂದ ಕಲಬುರ್ಗಿಯ ದವಾಖಾನೆಯಲ್ಲಿ ಒಂದು ಮುಂಜಾನೆ ತೀರಿಕೊಂಡ. ಕಣ್ಣು ದಾನ ಮಾಡುತ್ತೇನೆಂದು ಅವನು ಮೊದಲೇ ಬರೆದುಕೊಟ್ಟಿದ್ದ. ಆದರೆ ಬರೆದವನು ಹೋದ ಮೇಲೆ ಹೂಂ ಎನ್ನಬೇಕಾದವರು ಉಳಿದವರಲ್ಲವೇ? ಒಬ್ಬ ನರ್ಸಬಾಯಿ ಬಂದು, ನೆಲದ ಮೇಲೆ ಅತ್ತಿಗೆಯ ಪಕ್ಕದಲ್ಲೇ ಕುಳಿತಳು. ಅವಳ ಅಳು ತುಸು ಇಳಿದ ಮೇಲೆ ಕಣ್ಣಿನ ಮಾತು ತೆಗೆದಳು.

"ಆರು ತಾಸಿನೊಳಗ ತಗೀಬೇಕಾಗ್ತದವ್ವಾ. ಮುಖ ಹೆಂಗದ ಹಂಗೇ ಇರ್ತದ. ನಾ ಅವಸರ ಮಾಡಂಗಿಲ್ಲ, ಆದ್ರ ಹೊತ್ತು ನಮ್ಮ ಮಾತು ಕೇಳಂಗಿಲ್ಲ."

ಅತ್ತಿಗೆ ನನ್ನತ್ತ ತಿರುಗಿದಳು. "ನೀ ಏನಂತೀಪಾ? ಮನಿಗೆ ಹಿರಿಯ ಈಗ ನೀನ."

"ಕಣ್ಣಿಲ್ಲಂದ್ರ ಅಂಗೈಯಾಗಿನ ಲಿಂಗ ಹೆಂಗ ನೋಡ್ಬೇಕ್ರಿ ಅಂವಾ?" ಎಂದೆ ನಾನು. "ನಮ್ಮಲ್ಲಿ ನಡಿಯಂಗಿಲ್ಲ. ಮಠದ ಅಯ್ನೋರನ್ನ ಕೇಳಿ ಬರ್ತೇನಿ."

ಲಿಂಗದ ಮಾತು ನಾಲಗೆಯ ಮೇಲಿತ್ತು, ಹೊಟ್ಟೆಯೊಳಗಿದ್ದದ್ದು ಬೇರೆ. ಇಬ್ಬರು ಕುರುಡರು ಅಣ್ಣನಿಂದ ಲೋಕ ಕಾಣುವುದು, ಶಾಲೆಯಲ್ಲಿ ಅವನ ಫೋಟೋಕ್ಕೆ ಹಾರ ಬೀಳುವುದು, ಸತ್ತ ಮೇಲೂ ಅವನು ಇನ್ನೊಂದು ಗೇಣು ಬೆಳೆಯುವುದು ನನ್ನ ಕಣ್ಣಿಗೆ ಕಟ್ಟಿತು. ಅಯ್ಯನವರ ಬಳಿಗೆ ನಾನು ಹೋಗಲೇ ಇಲ್ಲ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಬಾಕಿನ ಮೇಲೆ, ಆರಿದ ಚಹಾ ಹಿಡಿದು, ಗಡಿಯಾರ ನೋಡುತ್ತ ಕುಳಿತಿದ್ದೆ. ಆರು ತಾಸು ದಾಟಿಸಿ ಮರಳಿ ಬಂದಾಗ ನರ್ಸಬಾಯಿ ಅಲ್ಲಿಯೇ ಇದ್ದಳು. "ಹೊತ್ತಾತ್ರಿ," ಎಂದಷ್ಟೇ ಹೇಳಿ ಎದ್ದುಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ನನ್ನ ಕೈಯಾರೆ ಕಟ್ಟಿದ ವಿಮಾನದಲ್ಲಿ ಅವನನ್ನು ಕುಳ್ಳಿರಿಸಿ, ತಲೆ ವಾಲದಂತೆ ವಸ್ತ್ರದಿಂದ ಬಿಗಿದೆ. ಎದುರಿಗೆ ನಿಂತು ನೋಡಿದರೆ ರೆಪ್ಪೆಗಳು ಮುಚ್ಚಿದ್ದವು. ಎಲ್ಲರವೂ ಮುಚ್ಚಿರುತ್ತವೆ, ಇಷ್ಟು ವರ್ಷ ಅವನ್ನು ಮುಚ್ಚಿದವನು ನಾನೇ ಅಲ್ಲವೇ? ನಾನಾಡಿದ ಸುಳ್ಳು ನನ್ನೆದುರೇ ನೆಟ್ಟಗೆ ಕುಳಿತಿತ್ತು. ಮೂರನೆಯ ದಿನ ಅತ್ತಿಗೆ ಈ ಚಾಳೀಸು ತಂದು ನನ್ನ ಕೈಯಲ್ಲಿಟ್ಟಳು. "ಕಣ್ಣಂತೂ ಯಾರಿಗೂ ಸಿಗಲಿಲ್ಲ. ಇದಾದ್ರೂ ನಿನಗಿರ್ಲಿ."

ಕೊಡುವ ಮನಸ್ಸು ಜನಕ್ಕಿಲ್ಲವೆಂದು ದವಾಖಾನೆಯವರು ದೂರುತ್ತಾರೆ. ನನಗೆ ಕಂಡಂತೆ, ಬೇಡವೆಂದ ಮನೆಗಳಿಗಿಂತ ಯಾರೂ ಕೇಳದೆ ಬಿಟ್ಟ ಮನೆಗಳೇ ಹೆಚ್ಚು. ಕೇಳಿದಲ್ಲಿಯೂ ನಿಂತುಕೊಂಡು, ಕಾಗದ ಚಾಚಿ ಕೇಳಿರುತ್ತಾರೆ. ಕೇಳುವುದೂ ಒಂದು ಕಸುಬು. ಮರದ ಎಳೆ ನೋಡದೆ ಉಳಿ ಇಟ್ಟರೆ ಸೀಳುವುದಷ್ಟೇ.

ಮಟಕಿ ಎಂಬ ಊರಲ್ಲಿ ಒಬ್ಬ ಮುದುಕಿ ತೀರಿಕೊಂಡು, ವಿಮಾನ ಕಟ್ಟಲು ನನ್ನನ್ನು ಕರೆಸಿದಾಗ ನಾನು ಆ ನರ್ಸಬಾಯಿಯ ಕಸುಬನ್ನು ಕದ್ದೆ. ಮೊದಲು ಅವಳ ಮಗನ ಪಕ್ಕದಲ್ಲಿ ನೆಲಕ್ಕೆ ಕುಳಿತೆ, ಅಳು ಇಳಿದ ಮೇಲೆ ಮುದುಕಿಯ ಕಣ್ಣು ಕೇಳಿದೆ.

"ಕಾಕಾ, ಅವ್ವ ಲಿಂಗ ಹೆಂಗ ನೋಡ್ತಾಳ?" ಎಂದ ಅವನು.

"ವಿಮಾನದಾಗ ಕಣ್ಣ ತೆರದು ಕುಂತವರನ್ನ ನಾ ಇನ್ನೂ ಕಂಡಿಲ್ಲೋ ತಮ್ಮಾ. ಈ ಮಾತು ನಾನೂ ಒಮ್ಮೆ ಆಡೀನಿ. ಸುಳ್ಳಾಡೀನಿ."

ಅವನು ಅವ್ವನ ಮುಖ ನೋಡಿ ಹೂಂ ಎಂದ. ಪೋಸ್ಟಾಫೀಸಿನಿಂದ ಫೋನು ಮಾಡಿಸಿದೆವು. ಕಲಬುರ್ಗಿಯಿಂದ ದವಾಖಾನೆಯ ಜೀಪು ಬಂತು, ಹೊತ್ತಿಗೆ ಸರಿಯಾಗಿ. ಹೊರಗೆ ಕಟ್ಟೆಯ ಮೇಲಿದ್ದ ಹಿರಿಯನೊಬ್ಬ ನನ್ನನ್ನು ತೋರಿಸಿ ಹೇಳಿದ: "ಮಾಸ್ತರ್ರ ತಮ್ಮ ಅಲ್ಲೇನಪಾ? ಅಣ್ಣನ ಗುಣ ಎಲ್ಲಿ ಹೋಗ್ತದ?"

ನೋಡಿದಿರಾ? ಕುಳಿತವನು ನಾನು, ಕೇಳಿದವನು ನಾನು, ಹೆಸರು ಮಾತ್ರ ಅವನಿಗೆ. ಅಂದಿನಿಂದ ಎಷ್ಟು ಮನೆಗಳಲ್ಲಿ ಕೇಳಿದ್ದೇನೋ, ಅಷ್ಟೂ ಕಡೆ ಇದೇ ಮಾತು. ಕಿಚ್ಚು ಆರಿಲ್ಲ, ಆದರೆ ಅದರ ಮೇಲೆ ಈಗ ಏನೋ ಒಂದು ಬೇಯುತ್ತಿದೆ.

ಹೋದ ವಾರ ನನ್ನದೂ ಒಂದು ಫಾರ್ಮು ತರಿಸಿದೆ. ಅಣ್ಣ ಬರೆದುಕೊಟ್ಟ, ಕೊಡಲಾಗಲಿಲ್ಲ. ನಾನು ಕೊಟ್ಟೇ ತೀರುತ್ತೇನೆ, ಇದೊಂದರಲ್ಲಾದರೂ ಅವನನ್ನು ಹಿಂದೆ ಹಾಕುತ್ತೇನೆ. ನಾನು ಹೋದಾಗ ಯಾರನ್ನೂ ಕೇಳಲು ಹೋಗಬೇಡಿರೆಂದು ಮನೆಯವರಿಗೆಲ್ಲ ತಾಕೀತು ಮಾಡಿ, ಹೆಮ್ಮೆಯಿಂದ ಪೆನ್ನು ಹಿಡಿದು ಕುಳಿತೆ. ಅಕ್ಷರ ಸಣ್ಣವು, ಒಂದೂ ಕಾಣಲಿಲ್ಲ. ಎದ್ದುಹೋಗಿ ಪೆಟ್ಟಿಗೆ ತೆರೆದು, ಧೋತರದ ತುಂಡು ಬಿಚ್ಚಿ, ಅವನ ಚಾಳೀಸು ಹಾಕಿಕೊಂಡೇ ರುಜು ಮಾಡಿದೆ. ಆಮೇಲೆ ತೆಗೆದಿಡುವುದು ಮರೆತು, ಬಹಳ ಹೊತ್ತು ಹಾಗೆಯೇ ಕುಳಿತಿದ್ದೆ.