ಉಡಿ ತುಂಬ ತಪ್ಪಲಪಲ್ಲೆ
ಎತ್ತ ನೋಡಿದರೂ ಕಬ್ಬೇ ಇರುವ ಶಿರಗುಪ್ಪಿಯಲ್ಲಿ ಮಹಿಳಾ ಸಂಘದವರು ಹತ್ತು ಗುಂಟೆಯಲ್ಲಿ ಕಾಯಿಪಲ್ಲೆ ಬೆಳೆದು ಅಗ್ಗಕ್ಕೆ ಮಾರುತ್ತಾರೆ. ಮಾರುವ ದರ್ಬಾರೆಲ್ಲ ಶೇವಂತಕ್ಕನದು. ಕೇಳಿದ್ದನ್ನು ಕೊಡುವವಳಲ್ಲ, ಮುಖ ನೋಡಿ ಕೊಡುತ್ತಾಳೆ. “ಬದನಿಕಾಯಿ ಬ್ಯಾಡ್ರಿ ಸಾಹೇಬ್ರ, ಮಾರಿ ಬೆಳ್ಳಗ ಆಗೇತಿ, ರಾಜಗಿರಿ ಪಲ್ಲೆ ಒಯ್ರಿ” ಎಂದು ಊರ ಲೆಕ್ಕ ನೋಡುವ ತಲಾಠಿಯನ್ನೂ ಗದರುತ್ತಾಳೆ. ಚೀಲ ಕಂಡರೆ ಅವಳಿಗೆ ಸಿಟ್ಟು. ಹೆಂಗಸರು ಉಡಿಯಲ್ಲೇ ಒಯ್ಯಬೇಕು, ಗಂಡಸರು ಟವೆಲ್ಲಿನಲ್ಲಿ. ಯಾರಿಗಾದರೂ ಮೇಲೆ ಒಂದು ಹಿಡಿ ಕೊಸರು ಇದ್ದೇ ಇದೆ. ಹಿಂದೆ ಕಬ್ಬಿನ ಕಳೆ ತೆಗೆದ ಹೆಣ್ಣಾಳುಗಳು ಅಲ್ಲೇ ಬೆಳೆದ ತಪ್ಪಲುಸೊಪ್ಪನ್ನು ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ಹೊರಟರೆ, ಹೊಲದೊಡತಿ ಕಸ್ತೂರೆವ್ವ ಬದುವಿನ ಮೇಲೆ ನಿಲ್ಲಿಸಿ, ಎಲ್ಲ ಕೆಳಗೆ ಬೀಳುವಂತೆ ಉಡಿ ಝಾಡಿಸುತ್ತಿದ್ದಳು. ಶೇವಂತಕ್ಕನದನ್ನು ದಿನಾಲೂ ಝಾಡಿಸುತ್ತಿದ್ದಳು. ಈಗ ಅದೇ ಕಸ್ತೂರೆವ್ವ ಪಲ್ಲೆಗೆ ಬಂದು ನಿಂತರೆ, ಶೇವಂತಕ್ಕ ಮೆಲ್ಲಗೆ, “ಉಡಿ ಒಡ್ಡ್ರಿ ಎವ್ವಾರ” ಎನ್ನುತ್ತಾಳೆ. ಅವಳಿಗೆ ಮಾತ್ರ ಕೊಸರು ಎರಡು ಹಿಡಿ.