ಶಾಂತವ್ವನ ಸಾಲು

ಗೆಳೆಯರೇ, ಕನ್ನೊಳ್ಳಿಯ ಹತ್ತಿ ಹೊಲದಿಂದ ಈಗಷ್ಟೇ ಸಿಂದಗಿಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹಳ್ಳಿಯ ಹೆಂಗಸರ ದುಡಿಮೆ ಹೇಗೆ ಬದಲಾಗುತ್ತಿದೆ ಎಂಬ ಸಂಶೋಧನೆಗೆ ಮನೆ, ಹೊಲ ಸುತ್ತಿ ಪ್ರಶ್ನೆ ಕೇಳುವುದು ನನ್ನ ಕೆಲಸ.

ಇಂದು ಗಂಗವ್ವನ ಹೊಲದಲ್ಲಿ ಕಸ ತೆಗೆಯುತ್ತಿದ್ದವರೆಲ್ಲ ಮುಯ್ಯಾಳುಗಳು. ಕೂಲಿಯಿಲ್ಲ, ಇವತ್ತು ಇವರ ಹೊಲ, ನಾಳೆ ಅವರ ಹೊಲ. ಒಬ್ಬೊಬ್ಬರೂ ಒಂದೊಂದು ಸಾಲು ಹಿಡಿದಿದ್ದರು. ನಡುವಿನ ಒಂದು ಸಾಲಿಗೆ ಮಾತ್ರ ಯಾರೂ ಇರಲಿಲ್ಲ.

"ಈ ಸಾಲು ಯಾರದವ್ವ?" ಎಂದೆ.

"ಶಾಂತವ್ವಂದ್ರಿ. ಅಕಿ ನನಗ ಒಂದಿನದ ಮುಯ್ಯಿ ತೀರ್ಸೂದೈತಿ," ಎಂದರು ಗಂಗವ್ವ.

"ಎಲ್ಲ್ಯದಾರ ಅವರು?"

"ಹ್ವಾದ ಅಮಾಸಿಗೆ ತೀರ್ಕೊಂಡ್ಳರಿ. ಆದ್ರ ಮುಯ್ಯಿ ಉಳಿಸ್ಕೊಳ್ಳಾಕಿ ಅಲ್ಲ ಅಕಿ."

ಯಾರೂ ನಗಲಿಲ್ಲ. ನಾನು ಬೇವಿನ ಮರದ ಕೆಳಗೆ ಕೂತು ಟ್ಯಾಬ್‌ನಲ್ಲಿ ಉತ್ತರ ತುಂಬಿ ತಲೆಯೆತ್ತಿದಾಗ ಹೆಂಗಸರು ಹೊಲದ ಆ ತುದಿ ಮುಟ್ಟಿದ್ದರು. ನಡುವಿನ ಸಾಲೂ ಹಸನಾಗಿತ್ತು. ಕಿತ್ತು ಹಾಕಿದ ಕಸದ ಬೇರಿಗೆ ಹಸಿ ಮಣ್ಣು ಇನ್ನೂ ಅಂಟಿಕೊಂಡಿತ್ತು.

"ಇದನ್ನ ಯಾರು ತಗದ್ರು?"

ಗಂಗವ್ವ ನನ್ನನ್ನೇ ಕೇಳಿದರು: "ನಿಮಗ ಪಿಂಚಣಿ ಐತೇನ್ರಿ?"

"ಇಲ್ಲಬೇ, ನಂದು ಗುತ್ತಿಗಿ ಕೆಲಸ."

"ಹಂಗಾರ ನೀವೂ ಸತ್ತಮ್ಯಾಲ ದುಡ್ಯಾವ್ರ ಬಿಡ್ರಿ."

ಆದ್ದರಿಂದ ಗೆಳೆಯರೇ, ನನ್ನ ಸಾವಿನ ಸುದ್ದಿ ಕೇಳಿದ ಮೇಲೂ ನಾನು ಟ್ಯಾಬ್ ಹಿಡಿದು ನಿಮ್ಮ ಬಾಗಿಲಿಗೆ ಬಂದು, "ಕಳೆದ ವಾರ ಎಷ್ಟು ತಾಸು ಕೆಲಸ ಮಾಡಿದಿರಿ?" ಎಂದು ಕೇಳಿದರೆ ಚೀರಬೇಡಿ. ಉತ್ತರ ಕೊಟ್ಟು ಕಳಿಸಿ.